ಎಡಗೋಡಿನ ಹೂವು

ನನ್ನ ತಮ್ಮನನ್ನು ಒಂದೇ ಸಲಕ್ಕೆ ಎರಡು ಊರುಗಳು ಕರೆದಿದ್ದವು. ಒಂದು ಪ್ಯಾರಿಸ್, ಇನ್ನೊಂದು ಲಂಡನ್. ಎರಡೂ ಕಡೆ ಊಟ, ವಸತಿ, ಚಿತ್ರ ಕಲಿಸುವುದು ಎಲ್ಲ ಕರೆದ ಚಿತ್ರಶಾಲೆಯವರದೇ ಜವಾಬ್ದಾರಿ. ಯಾವ ಊರು ಎಂದು ಆರಿಸಿಕೊಳ್ಳುವುದಷ್ಟೇ ಇವನ ಕೆಲಸ. ಅದೊಂದು ಇವನಿಂದ ಆಗಲಿಲ್ಲ, ನಾವು ಮಾಡಿದೆವು. ನಾವು ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಮಾಡಿದೆ.

ನಾನು ಶಾಲೆ ಬಿಟ್ಟದ್ದು ಮೂರನೇ ಕ್ಲಾಸಿನಲ್ಲಿ. ಆ ವರ್ಷ ತಮ್ಮ ಹುಟ್ಟಿದ, ಅಪ್ಪ ತೀರಿಕೊಂಡ. ಅವ್ವ ಹೊಲಕ್ಕೆ ಹೋಗಬೇಕಿತ್ತು, ಕೂಸನ್ನು ಎತ್ತಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು. ಅದರ ಬಗ್ಗೆ ನನಗೆ ಯಾವತ್ತೂ ಬೇಸರವಿರಲಿಲ್ಲ. ಶಾಲೆಯ ಪಾಟಿಗಿಂತ ಕೂಸು ಮೆತ್ತಗಿತ್ತು.

ನಮ್ಮದು ಕುರುಗೋಡು. ಕಲ್ಲು ಗುಡ್ಡಗಳ ನಡುವೆ ಕೂತ ಊರು. ಮಣ್ಣಿನ ಗೋಡೆಯನ್ನು ನಾನು ಸಾರಿಸಿ ಈಚೆ ಬರುವುದರೊಳಗೆ ತಮ್ಮ ಹಸಿಯ ಮೇಲೆ ಬೆರಳಿನಿಂದ ಎತ್ತು ಬರೆದಿರುತ್ತಿದ್ದ. ಕುದುರೆ ಅಲ್ಲ, ಮನುಷ್ಯ ಅಲ್ಲ, ಎತ್ತೇ. ಬೈದೆ, ಹೊಡೆದೆ, ಕೊನೆಗೆ ಒಲೆಯ ಪಕ್ಕದ ಗೋಡೆಯನ್ನು ಅವನಿಗೇ ಬಿಟ್ಟುಕೊಟ್ಟೆ.

"ಇಷ್ಟು ನಿಂದು. ಇದನ್ನ ದಾಟಿ ಬಂದಿ ಅಂದ್ರ ಬೆರಳು ಮುರೀತೀನಿ ಲೇ."

"ಹಂಗಾದ್ರ ಕಾಲಾಗ ಬರೀತೀನಿ," ಎಂದಿದ್ದ. ಆಗ ಅವನಿಗೆ ಹಲ್ಲು ಬಿದ್ದಿದ್ದವು.

ದೊಡ್ಡವನಾದ ಮೇಲೆ ಓದಲು ಬಳ್ಳಾರಿಗೆ ಹೋದ. ಸಿನಿಮಾದ ಬೋರ್ಡು ಬರೆಯುವವರ ಶೆಡ್ಡಿನಲ್ಲಿ ಬಣ್ಣ ಕಲಸುತ್ತಾ ಹೈಸ್ಕೂಲು ಮುಗಿಸಿದ. ಅವನ ಡ್ರಾಯಿಂಗ್ ಮೇಷ್ಟ್ರು ಕೈಹಿಡಿದು ನಡೆಸಿದಂತೆ ಬರೋಡಾದ ಚಿತ್ರಶಾಲೆಗೆ ಸೇರಿಸಿ ಬಂದರು. ಅಷ್ಟರಲ್ಲಿ ನನ್ನನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದರು. ನನ್ನ ಮನೆಯವರು ಅಲ್ಲಿ ಅಕ್ಕಿ ಗಿರಣಿಯಲ್ಲಿದ್ದರು. ರಜೆ ಬಂತೆಂದರೆ ತಮ್ಮ ಮೊದಲು ನನ್ನ ಮನೆಗೇ ಬರುತ್ತಿದ್ದ. ಅದಕ್ಕೆ ಅವ್ವ ಆಡಿಕೊಳ್ಳುತ್ತಿದ್ದಳು.

"ಹೆತ್ತಾಕಿ ಇಲ್ಲಿ ಬಾಗಲಾ ಕಾಯ್ತಾ ಕುಂತಾಳ, ಇವ ಎತ್ತಿದಾಕಿ ಮನಿಗೆ ಮೊದಲು ಹೋಗ್ತಾನ."

ಎಪ್ಪತ್ತರ ದಶಕದ ನಡುವಿನ ಮಾತು. ಆ ಎರಡು ಊರುಗಳ ಕರೆ ಬಂದ ಬೇಸಿಗೆಯಲ್ಲಿ ತಮ್ಮ ನನ್ನನ್ನು ಬಳ್ಳಾರಿಯ ಹತ್ತಿರದ ಸಂಗನಕಲ್ಲಿಗೆ ಕರೆದುಕೊಂಡು ಹೋದ. ಅಲ್ಲಿಯ ಗುಡ್ಡದಲ್ಲಿ ಯಾವುದೋ ಕಾಲದ ಜನ ಬಂಡೆಯನ್ನು ಕಲ್ಲಿನಿಂದ ಕುಟ್ಟಿ ಕುಟ್ಟಿ ಎತ್ತುಗಳನ್ನು ಮೂಡಿಸಿದ್ದಾರೆ. ಉದ್ದ ಕೋಡು, ಎದ್ದ ಡುಬ್ಬ. ಒಲೆಯ ಪಕ್ಕದ ನಮ್ಮ ಗೋಡೆಯೇ ಅಲ್ಲಿಗೆ ಎದ್ದು ಹೋದಂತಿತ್ತು.

"ಇದನ್ನ ಬರದವರಿಗೆ ಯಾರು ಕಲಿಸಿದ್ರಕ್ಕಾ?"

"ದನ ಕಾಯಾಕ ಬಂದವರಿರಬೇಕು. ಹೊತ್ತು ಹೋಗಿಲ್ಲ, ಬರದಾರ."

ನಕ್ಕ. ಬಂಡೆಯ ಮೇಲಿನ ಗೀರಿನಲ್ಲಿ ಬೆರಳು ಆಡಿಸುತ್ತಾ ಹೇಳಿದ: "ಪ್ಯಾರಿಸ್ಸಿನ್ಯಾಗ ಒಬ್ಬ ಮುದುಕ ಅದಾನ. ತಾಮ್ರದ ತಗಡಿನ ಮ್ಯಾಲೆ ಹಿಂಗ ಗೀರತಾನ. ಗೀರಿದ್ರಾಗ ಮಸಿ ತುಂಬಿ ಕಾಗದಕ್ಕ ಒತ್ತತಾನ. ಅವನ ಹತ್ರ ಕಲೀಬೇಕಂತ ಆಸಿ."

"ಹಂಗಾದ್ರ ಹೋಗು. ಯಾರು ಬ್ಯಾಡಂದ್ರು?"

"ಭಾಷಾ ಬರಂಗಿಲ್ಲ. ನಮ್ಮೋರು ಅಂಬೋರು ಯಾರೂ ಇಲ್ಲ. ಲಂಡನ್ನಿನ್ಯಾಗಾದ್ರ ಹ್ಯಾಂಗೋ ಇಂಗ್ಲಿಷಿನ್ಯಾಗ ನಡೀತೈತಿ, ನಮ್ಮ ಬಳ್ಳಾರಿ ಗಾಂಧಿನಗರದಿಂದ ಹೋದ ಡಾಕ್ಟರ ಮನಿ ಐತಿ. ಆದ್ರ ಅಲ್ಲಿ ಆ ಮುದುಕ ಇಲ್ಲಲ್ಲ."

ಅವನ ಮನಸ್ಸು ಎಲ್ಲಿದೆ ಎಂದು ನನಗೆ ಆ ಬಂಡೆಯ ಮೇಲೇ ತಿಳಿಯಿತು. ತಿಳಿಯದೆ ಮಾಡಿದ ತಪ್ಪು ಎಂದು ನಾನು ಹೇಳಿಕೊಳ್ಳಲಾರೆ.

ಸಂಜೆ ಬಳ್ಳಾರಿಗೆ ಬಂದಾಗ ಗಾಂಧಿನಗರದಲ್ಲಿ ಆ ಡಾಕ್ಟರ ತಾಯಿಯನ್ನು ಕಂಡು ಹೋಗೋಣ ಎಂದವಳು ನಾನೇ. ಆ ತಾಯಿ ಬಾಗಿಲಿಗೇ ಬಂದರು.

"ಬರ್ರಿ, ಕುಂದರ್ರಿ. ನಮ್ಮ ಸೊಸಿ ಅಲ್ಲೂ ಜ್ವಾಳದ ರೊಟ್ಟಿ ಬಡೀತಾಳ್ರಿ. ಹಿಟ್ಟು ನಾನ ಕಳಸ್ತೀನಿ. ನಿಮ್ಮ ತಮ್ಮ ಹೋದ್ರ ನಮ್ಮ ಮನಿಯಾಗ ಉಂಡ್ಕೋತ ಇರ್ತಾನ. ಅವನ ಸುದ್ದಿ ನಮಗ ಬಂದಾಗೆಲ್ಲ ನಿಮಗೂ ಮುಟ್ಟಸ್ತೀನಿ. ಫಿಕರ್ ಮಾಡಬ್ಯಾಡ್ರಿ."

ನನಗೆ ಅಂಟಿಕೊಂಡದ್ದು ಆ ಮಾತು. ಪ್ಯಾರಿಸ್ಸಿನಲ್ಲಿ ಇವನಿಗೆ ಜ್ವರ ಬಂದರೆ ನನಗೆ ಹೇಳುವವರು ಯಾರು? ಲಂಡನ್ನಿನಲ್ಲಾದರೆ ಇವನು ಉಂಡದ್ದನ್ನು ನೋಡುವ ಒಂದು ಕಣ್ಣು, ಅದನ್ನು ನನಗೆ ತಲುಪಿಸುವ ಒಂದು ಬಾಯಿ ಇರುತ್ತದೆ. ಇವನಿಗೆ ಒಳ್ಳೆಯದಾಗಲಿ ಎಂದೇ ಯೋಚಿಸಿದೆ ಎಂದು ಆಗ ಅಂದುಕೊಂಡಿದ್ದೆ. ಈಗ ನೋಡಿದರೆ ನನ್ನ ಕೈ ಅವನ ತಲೆಯವರೆಗೆ ಮುಟ್ಟುತ್ತಿರಬೇಕು ಎನ್ನುವುದು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ.

ಅವ್ವನಿಗೆ ವಿಷಯ ಹೇಳಿದಾಗ, "ಇದಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ, ಹೂ ಕೇಳೋಣು," ಎಂದಳು.

ನಮ್ಮ ಹೊಲದ ಬದುವಿನ ಮೇಲೆ ಒಬ್ಬ ಸಣ್ಣ ಬಸವಣ್ಣ ಇದ್ದಾನೆ. ಊರಿನ ದೊಡ್ಡ ಬಸವಣ್ಣನ ಮುಂದೆ ಕರುವಿನಂತೆ ಕಾಣುತ್ತಾನೆ. ಮುಖ ಸವೆದಿದೆ, ಕೋಡುಗಳು ಮೊಂಡಾಗಿವೆ. ಮದುವೆ ಇರಲಿ, ಬಾವಿ ತೋಡುವುದಿರಲಿ, ಮನಸ್ಸು ಎರಡಾದರೆ ನಮ್ಮ ಮನೆತನದವರು ಅವನನ್ನೇ ಕೇಳುತ್ತಾರೆ. ಎರಡು ಹೂವನ್ನು ನೀರಿನಲ್ಲಿ ಅದ್ದಿ ಎರಡು ಕೋಡುಗಳ ಬುಡಕ್ಕೆ ಅಂಟಿಸುವುದು, ಕೈಮುಗಿದು ಕಾಯುವುದು. ನೀರು ಆರಿದಂತೆ ಯಾವ ಹೂ ಮೊದಲು ಬೀಳುತ್ತದೋ ಅದು ಅಪ್ಪಣೆ. ಹೂ ಅಂಟಿಸಬೇಕಾದವಳು ಮದುವೆಯಾಗಿ ಹೋದ ಮನೆಮಗಳು. ಹೊರಗೆ ಹೋದವಳಿಗೆ ಈ ಮನೆಯಲ್ಲಿ ಇನ್ನು ಆಸೆ ಇರುವುದಿಲ್ಲ, ಅದಕ್ಕೆ ಅವಳ ಕೈ ನೆಟ್ಟಗಿರುತ್ತದೆ ಎಂದು ಹಿರಿಯರ ನಂಬಿಕೆ.

ತಮ್ಮ ಹೂಂ ಅಂದದ್ದು ನನಗೆ ಆಶ್ಚರ್ಯವಾಯಿತು. ಆರಿಸಿ ಆರಿಸಿ ದಣಿದಿದ್ದನೆಂದು ಕಾಣುತ್ತದೆ. ಜಗಳ ಬಂದದ್ದು ಬಲಗಡೆ ಯಾವ ಊರು ಎನ್ನುವುದಕ್ಕೆ.

"ಬಲಗೋಡು ಲಂಡನ್ನಿಗೆ ಇರಲಿ," ಎಂದಳು ಅವ್ವ.

"ಯಾಕವ್ವಾ, ಲಂಡನ್ನು ನಿನಗೇನು ತವರುಮನ್ಯಾ?"

"ಅಲ್ಲಿ ರೊಟ್ಟಿ ಐತಿ."

"ಬಸವಣ್ಣ ರೊಟ್ಟಿ ನೋಡಿ ಊರು ಆರಿಸ್ತಾನೇನು?"

"ಅವ ಎತ್ತು ಲೇ. ಮೇವು ಎಲ್ಲೈತಿ ಅಲ್ಲಿಗೇ ಹೋಗು ಅಂತಾನ."

ತಮ್ಮ ಸೋತು ನಕ್ಕ. ಎಡಗೋಡು ಪ್ಯಾರಿಸ್ಸಿಗೆ ಉಳಿಯಿತು.

ಸೋಮವಾರ ಬೆಳಿಗ್ಗೆ ನೈವೇದ್ಯಕ್ಕೆ ಹೂರಣ ಮಾಡಿದೆ. ಬೆಲ್ಲದ ಪಾಕ ಬೆರಳಿಗೆ ಅಂಟಿದ್ದು ತಾನಾಗಿ. ತೊಳೆದುಕೊಳ್ಳದೆ ಹೊಲಕ್ಕೆ ಹೊರಟದ್ದು ನಾನಾಗಿ. ದಾರಿಯಲ್ಲಿ ಬೆರಳುಗಳನ್ನು ಮಡಚಿ ಹಿಡಿದುಕೊಂಡಿದ್ದೆ. ಬಸವಣ್ಣನ ಮುಂದೆ ಕೂತು ಬಿಳಿ ಕಣಗಿಲೆ ಹೂ ಎರಡನ್ನು ತೆಗೆದುಕೊಂಡೆ. ಬಲಗಡೆಯದನ್ನು ನೀರಿನಲ್ಲಿ ಅದ್ದಿ ಅಂಟಿಸಿದೆ. ಎಡಗಡೆಯದರ ತೊಟ್ಟನ್ನು ಹೆಬ್ಬೆರಳಿನಿಂದ ಒಮ್ಮೆ ತಿರುವಿ ಅಂಟಿಸಿದೆ. ಹಿಂದೆ ನಿಂತಿದ್ದ ಅವ್ವನಿಗೂ ತಮ್ಮನಿಗೂ ನನ್ನ ಬೆನ್ನಷ್ಟೇ ಕಾಣುತ್ತಿತ್ತು.

ಬಿಸಿಲು ಏರಿತು. ಬಲಗಡೆಯ ಹೂ ಜಾರಿ ಕಲ್ಲಿನ ಮೇಲೆ ಬಿತ್ತು. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ತಮ್ಮನ ಕಿವಿಗೆ ಮುಡಿಸಿದಳು. ಅವನು ಎಡಗೋಡಿನ ಹೂವನ್ನೇ ನೋಡುತ್ತಾ ಮೊಣಕಾಲೂರಿ ಕೂತ. ಅದು ಇನ್ನೂ ಅಲ್ಲಾಡದೆ ಇತ್ತು. ಆಮೇಲೆ ಅವನು ನೋಡುತ್ತಿರುವುದು ಹೂವನ್ನಲ್ಲ ಎಂದು ನನಗೆ ಕಂಡಿತು.

"ಅಕ್ಕಾ, ಇರುವಿ ನೋಡು. ಬಸವಣ್ಣನ ಮೂಗಿನ ಮ್ಯಾಲಿಂದ ಹ್ಯಾಂಗ ಸಾಲುಗಟ್ಟಿ ಹೊಂಟಾವ."

"ನೈವೇದ್ಯ ಚೆಲ್ಲಿರಬೇಕು, ಏಳು," ಎಂದೆ. ಹೂವನ್ನು ಕಿತ್ತು ಬದುವಿನಾಚೆ ಎಸೆದೆ. ಕೀಳುವಾಗ ಅದು ಕಲ್ಲಿಗೆ ಹಿಡಿದುಕೊಂಡಿತ್ತು.

ಅವನು ಲಂಡನ್ನಿಗೆ ಹೋದ. ನಾನು ಬಳ್ಳಾರಿಗೆ ಬಂದಾಗೆಲ್ಲ ಗಾಂಧಿನಗರದ ಮನೆಗೆ ಹೋಗಿ ಕೂರುತ್ತಿದ್ದೆ. "ದಪ್ಪ ಆಗ್ಯಾನಂತ್ರಿ," ಎನ್ನುತ್ತಿದ್ದರು ಆ ತಾಯಿ. "ಚಳಿಗಾಲಕ್ಕ ನಮ್ಮ ಹುಡುಗನ ಕೋಟು ಕೊಟ್ಟಾರಂತ." ಸಿರುಗುಪ್ಪದ ಬಸ್ಸಿನಲ್ಲಿ ಆ ಮಾತುಗಳನ್ನು ಮತ್ತೆ ಮತ್ತೆ ನೆನೆದು ಸುಖಪಡುತ್ತಿದ್ದೆ. ಮಾಡಿದ್ದು ಸರಿಯಾಯಿತು ಎಂದುಕೊಂಡ ದಿನಗಳೂ ಇದ್ದವು.

ಮರುವರ್ಷದ ಒಂದು ದಿನ ಅದೇ ತಾಯಿ ಚಹಾ ಕೊಡುತ್ತಾ ಕೇಳಿದರು: "ಪ್ಯಾರಿಸ್ಸಿನ್ಯಾಗ ಯಾರೋ ಮುದುಕ ಸತ್ತನಂತ್ರಿ. ರಜಾಕ್ಕ ಅವನ್ನ ನೋಡಾಕ ಹೋಗಬೇಕಂತ ಟಿಕೀಟು ತಗಸಿದ್ದನಂತ ನಿಮ್ಮ ತಮ್ಮ. ಸುದ್ದಿ ಕೇಳಿ ಊಟ ಬಿಟ್ಟು ಕುಂತಾನಂತ. ನಿಮಗೇನು ನೆಂಟರೇನ್ರಿ?"

"ಹೌದ್ರಿ," ಎಂದೆ. ಅವನ ಸುದ್ದಿ ಬೇಕು ಎಂದಿದ್ದೆ, ಬಂದಿತ್ತು.

ಅವ್ವ ತೀರಿಕೊಂಡಾಗ ತಮ್ಮ ಬಂದ. ಮಾತಾಡಿಸಲು ಬಂದವರೊಬ್ಬರು, ಅಷ್ಟು ದೂರದಲ್ಲಿ ಹೇಗಿರುತ್ತೀ ಎಂದು ಕೇಳಿದರು. "ಬಸವಣ್ಣ ಕಳಿಸಿದ ಊರು," ಎಂದ. "ಬ್ಯಾಸರ ಆದಾಗ ಅದನ್ನ ನೆನಸ್ತೀನಿ. ಇರಾಕ ಧೈರ್ಯ ಬರತೈತಿ." ಅವನಿಗೆ ಆಸರೆಯಾದ ಆ ಮಾತನ್ನು ನಾನು ಕೀಳಬಾರದು ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಾದೆ. ಅದೂ ಪೂರ್ತಿ ನಿಜವಲ್ಲ. ಹೆದರಿದ್ದೆ.

ಅದಾಗಿ ಕೆಲವು ವರ್ಷಕ್ಕೆ, ಎಂಬತ್ತರ ದಶಕದಲ್ಲಿ, ಮತ್ತೆ ಬಂದಾಗ ಸಿರುಗುಪ್ಪದ ನನ್ನ ಮನೆಗೆ ಸುತ್ತಿದ ಒಂದು ಚಿತ್ರ ತಂದಿದ್ದ. ನಾನು ರೊಟ್ಟಿ ಬಡಿಯುತ್ತಿದ್ದೆ. ಮಂಚದ ಮೇಲೆ ಬಿಚ್ಚಿ, ನಾಲ್ಕು ಮೂಲೆಗೂ ಚೊಂಬು ಲೋಟ ಇಟ್ಟು, "ಬಾ ನೋಡು," ಎಂದ.

ನಮ್ಮ ಬಸವಣ್ಣ. ಸವೆದ ಮುಖ, ಮೊಂಡು ಕೋಡು. ಬಲಗೋಡಿನ ಬುಡದಲ್ಲಿ ಒದ್ದೆ ಗುರುತು ಮಾತ್ರ, ಹೂ ಕೆಳಗೆ ಬಿದ್ದಿದೆ. ಎಡಗೋಡಿಗೆ ಹೂ ಹಾಗೇ ಇದೆ. ಮೂಗಿನ ಮೇಲಿಂದ ಅದರ ಕಡೆಗೆ ಇರುವೆಯ ಸಾಲು. ಕೂದಲಿನಂಥ ಗೆರೆಗಳಲ್ಲಿ ಒಂದೊಂದು ಇರುವೆಗೂ ಕಾಲು, ಮೀಸೆ ಎಲ್ಲ ಇತ್ತು.

"ಇರುವಿ ಯಾಕ ಅಂತ ಅಲ್ಲಿ ಎಲ್ಲಾರೂ ಕೇಳತಾರ," ಎಂದ ತಮ್ಮ. "ನಮ್ಮ ಕಡೆ ಪೂಜಾ ಅಂದ್ರ ಇರುವಿ ಬಂದ ಬರತಾವ ಅಂತೀನಿ."

ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನಿಂತಿದ್ದೆ. ಇನ್ನು ತಡೆಯಲಾಗಲಿಲ್ಲ.

"ಆ ಹೂವಿಗೆ ಬೆಲ್ಲ ಹಚ್ಚಿದ್ದೆ ಲೇ."

"ಯಾವ ಹೂವಿಗೆ?"

"ಎಡಗೋಡಿಂದಕ್ಕ. ಬೀಳಬಾರದಂತ."

ಅವನು ನನ್ನನ್ನು ನೋಡಲಿಲ್ಲ, ಚಿತ್ರವನ್ನು ನೋಡಿದ.

"ನಾನು ಇರುವಿ ನೋಡಿದ್ದೆ," ಎಂದ. "ಬೆಲ್ಲ ನೋಡಿರಲಿಲ್ಲ."

ಚಪ್ಪಲಿ ಮೆಟ್ಟಿ ಕಾಲುವೆಯ ಕಡೆ ಹೋದ. ನನ್ನ ಮನೆಯವರು ಊಟಕ್ಕೆ ಬಂದು, ಎಲ್ಲಿ ನಿನ್ನ ತಮ್ಮ ಎಂದರು. ಕಾಲುವೆಯ ಕಡೆ ಹೋದದ್ದನ್ನಷ್ಟೇ ಹೇಳಿದೆ. ಅವರಿಗೆ ಏನೋ ತಿಳಿದಿರಬೇಕು, ಮುಂದೆ ಕೇಳಲಿಲ್ಲ. ಹೊತ್ತು ಇಳಿಯುವಾಗ ತಮ್ಮ ತಿರುಗಿ ಬಂದ. ಅವನ ಕಾಲಿಗೆ ಗದ್ದೆಯ ಕೆಸರು ಹತ್ತಿತ್ತು. ಒಲೆಯ ಹತ್ತಿರ ಕೂತ.

"ಬೆಲ್ಲ ಹಚ್ಚದಿದ್ರ ಯಾವುದು ಬೀಳತಿತ್ತು?"

"ಗೊತ್ತಿಲ್ಲಪ್ಪಾ."

"ಬಸವಣ್ಣಗ ಗೊತ್ತಿತ್ತು. ನೀ ಅವನ್ನ ಹೇಳಗೊಡಲಿಲ್ಲ." ಕಾಲಿನ ಕೆಸರು ಕೆರೆಯುತ್ತಾ ಅಂದ: "ಪ್ಯಾರಿಸ್ಸಿಗೆ ಹೋಗಬ್ಯಾಡ ಅಂತ ನನಗ ಬಾಯಿಬಿಟ್ಟು ಹೇಳಬೇಕಿತ್ತಕ್ಕಾ. ನಿನ್ನ ಮಾತು ನಾ ಮೀರತಿದ್ದೆನೇನು?"

"ಮೀರಂಗಿಲ್ಲ ಅಂತ ಗೊತ್ತಿತ್ತು. ಅದಕ್ಕ ಹೇಳಲಿಲ್ಲ."

ಹೇಳಿದ್ದರೆ ಅದು ನನ್ನ ತಲೆಯ ಮೇಲೆ ಇರುತ್ತಿತ್ತು. ಅದನ್ನು ದೇವರ ತಲೆಯ ಮೇಲೆ ಹೊರಿಸಿದ್ದೆ. ಅಷ್ಟನ್ನು ಬಿಡಿಸಿ ಹೇಳಲು ನನಗೆ ಆಗಲಿಲ್ಲ, ಅವನಿಗೆ ಬೇಕಾಗಲೂ ಇಲ್ಲ. ತಟ್ಟೆ ಎಳೆದುಕೊಂಡ. ಆರಿದ ರೊಟ್ಟಿಯನ್ನೇ ಮುರಿದು ಉಂಡ. ಬಿಸಿ ಮಾಡಿಕೊಡುತ್ತೇನೆಂದರೆ ಬೇಡವೆಂದ.

ಉಳಿದ ದಿನಗಳಲ್ಲಿ ಆ ಮಾತು ಎತ್ತಲಿಲ್ಲ. ಚೆನ್ನಾಗಿಯೇ ಇದ್ದ, ಆದರೆ ಅಳೆದು ಮಾತಾಡುತ್ತಿದ್ದ. ಚಿತ್ರವನ್ನು ನನಗೆ ಕೊಡುತ್ತಾನೋ ಒಯ್ಯುತ್ತಾನೋ ತಿಳಿಯದೆ, ಅದು ಮಂಚದ ಕೆಳಗೆ ಸುತ್ತಿದಂತೆಯೇ ಇತ್ತು. ಹೊರಡುವ ದಿನ ಅದನ್ನು ಅಲ್ಲೇ ಬಿಟ್ಟು ಎದ್ದ.

ಬಳ್ಳಾರಿ ಸ್ಟೇಷನ್ನಿನವರೆಗೆ ಜೊತೆಗೆ ಹೋದೆ. ರೈಲಿನ ಕಿಟಕಿಯಲ್ಲಿ ಕೂತು ನಾನು ಕಟ್ಟಿಕೊಟ್ಟ ಗಂಟನ್ನು ತೊಡೆಯ ಮೇಲಿಟ್ಟುಕೊಂಡ.

"ಇದ್ರಾಗ ಬೆಲ್ಲ ಐತೇನು?"

"ಐತಿ. ಶೇಂಗಾ ಉಂಡಿ ಮಾಡೀನಿ."

"ಇರುವಿ ಬರತಾವ ನೋಡು."

"ಬಿಗಿಯಾಗಿ ಕಟ್ಟೀನಿ."

"ಅದ ನಿನ್ನ ರೋಗ," ಎಂದ. ಮುಖದಲ್ಲಿ ನಗು ಇತ್ತೋ ಇಲ್ಲವೋ, ಕಿಟಕಿಯ ಸರಳು ಅಡ್ಡ ಇತ್ತು. ಆಮೇಲೆ ಹೇಳಿದ: "ಈ ಸಲ ಪ್ಯಾರಿಸ್ಸಿಗೆ ಹೋಗ್ತೀನಿ. ಇರಾಕ ಆಗ್ತೈತೋ ಇಲ್ಲೋ ನೋಡ್ತೀನಿ. ಮುದುಕ ಇಲ್ಲ, ಅವನ ಬಾಗಲಾನಾದ್ರೂ ನೋಡ್ತೀನಿ."

ಅಲ್ಲಿ ನಿನಗೆ ರೊಟ್ಟಿ ಯಾರು ಬಡಿಯುತ್ತಾರೆ ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಹೋಗು," ಎಂದೆ.

ಅವನು ಗಂಟು ಬಿಚ್ಚಿದ. ಬಿಚ್ಚಲು ಹೊತ್ತು ಹಿಡಿಯಿತು. ಒಂದು ಉಂಡೆ ತೆಗೆದು ಮುರಿದು, ಅರ್ಧ ತನ್ನ ಬಾಯಿಗೆ ಹಾಕಿಕೊಂಡು, ಅರ್ಧವನ್ನು ಸರಳಿನ ನಡುವಿನಿಂದ ನನ್ನ ಕೈಗೆ ಕೊಟ್ಟ. ರೈಲು ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವವರೆಗೆ ತಿನ್ನುತ್ತಾ ನಿಂತಿದ್ದೆ. ಬೆರಳು ಅಂಟಾಗಿದ್ದವು. ಪ್ಲಾಟ್‌ಫಾರ್ಮಿನ ನಲ್ಲಿಯಲ್ಲಿ ಕೈ ತೊಳೆದುಕೊಂಡು ಸಿರುಗುಪ್ಪದ ಬಸ್ಸಿಗೆ ನಡೆದೆ.