ಡಬಲ್ ಸೀಟು

ಅಪ್ಪನ ಗಾಡಿಯ ಇಂಜಿನ್ನು ಮತ್ತೆ ಚಾಲೂ ಆದ ದಿನ ಮಳೆ ಬಂದಿತ್ತು ಎಂದು ನಾನು ಹಲವು ವರ್ಷ ಹೇಳಿಕೊಂಡು ತಿರುಗಿದ್ದೇನೆ. ಮಳೆ ಬಂದಿರಲಿಕ್ಕಿಲ್ಲ. ಅದು ಬ್ಯಾಡಗಿ ಪ್ಯಾಟಿಗೆ ಹೊಸ ಮೆಣಸಿನಕಾಯಿ ಬರುವ ಕಾಲ, ಆಗ ನಮ್ಮ ಕಡೆ ಮಳೆ ಬೀಳುವುದಿಲ್ಲ. ಸಂತೋಷದ ದಿನಕ್ಕೆ ಇರಲಿ ಎಂದು ನಾನೇ ಯಾವಾಗಲೋ ಒಂದು ಮಳೆ ಸುರಿಸಿಕೊಂಡಿದ್ದೇನೆ. ಹೀಗೆ ಸೇರಿಸಿದ್ದನ್ನೆಲ್ಲ ತೆಗೆದುಹಾಕಿದರೆ ಉಳಿಯುವುದು ಒಂದು ಹಳೆಯ ಮೋಟಾರ್ ಸೈಕಲ್ಲು ಮತ್ತು ಅವ್ವ. ಅವರಿಬ್ಬರ ನಡುವೆ ನಿಂತವನು ನಾನು.

ನಮ್ಮ ಮನೆ ರಾಣೇಬೆನ್ನೂರಿನಲ್ಲಿತ್ತು. ಅಪ್ಪ ಬೀಜದ ಕಂಪನಿಯೊಂದರ ಕೆಲಸದಲ್ಲಿದ್ದ. ಹತ್ತಿ ಬೀಜದ ಪ್ಲಾಟು ನೋಡಲು ಹೊಸರಿತ್ತಿ, ದೇವರಗುಡ್ಡ ಎಂದು ದಿನವಿಡೀ ಆ ಗಾಡಿಯ ಮೇಲೆ ಸುತ್ತುತ್ತಿದ್ದ. ಓಣಿಯವರು ಅದನ್ನು ಫಟಫಟಿ ಎನ್ನುತ್ತಿದ್ದರು. ಅದರ ಹಿಂದಿನ ಸೀಟಿನಲ್ಲಿ ಸಾಹೇಬರು ಕುಳಿತಿದ್ದಾರೆ, ಬೀಗರು ಕುಳಿತಿದ್ದಾರೆ, ಬೀಜದ ಚೀಲಗಳು ಕುಳಿತಿವೆ. ಒಮ್ಮೆ ಯಾರದೋ ಹರಕೆಯ ಹೋತವೂ ಕುಳಿತು ಬಂದಿತ್ತು. ಅವ್ವ ಮಾತ್ರ ಕುಳಿತಿರಲಿಲ್ಲ. ಅಜ್ಜಿ ಇದ್ದ ಮನೆ. ಸೊಸೆ ಗಂಡನ ಬೆನ್ನಿಗೆ ಅಂಟಿಕೊಂಡು ಕುಳಿತು ಓಣಿಯಲ್ಲಿ ಹಾದುಹೋಗುವುದು ಆಗದ ಮಾತು. ಅಜ್ಜಿ ತೀರಿಕೊಂಡ ಮೇಲೂ ಅಪ್ಪ ಕರೆಯಲಿಲ್ಲ, ಅವ್ವ ಕೇಳಲಿಲ್ಲ. ಅಪ್ಪನೂ ಹೋದ ಮೇಲೆ ಮನೆಯಲ್ಲಿ ಅವ್ವ, ನಾನು, ತಂಗಿ ಉಳಿದೆವು; ಗಾಡಿ ಹಿತ್ತಲಿನಲ್ಲಿ ತಾಡಪತ್ರಿ ಹೊದ್ದು ಆರು ವರ್ಷ ನಿಂತಿತು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅವ್ವನ ಗರ್ಭಕೋಶದಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಹುಬ್ಬಳ್ಳಿಯಲ್ಲಿ ಕರೆಂಟ್ ಕೊಡಿಸಿದೆವು. ವಿಕಿರಣ ಚಿಕಿತ್ಸೆಯನ್ನು ನಮ್ಮ ಕಡೆ ಹಾಗೆಯೇ ಕರೆಯುತ್ತಾರೆ. ಡಾಕ್ಟರು ನನ್ನನ್ನು ಬಾಗಿಲ ಹೊರಗೆ ಕರೆದು, ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ ಎಂದರು. ಅದರ ಅರ್ಥ ನನಗಾಯಿತು. ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕುಳಿತದ್ದು ನೋಡಿದರೆ ಅವಳಿಗೂ ಆಗಿತ್ತು. ಮುಂದಿನ ಭಾನುವಾರ ನಾನು ತಾಡಪತ್ರಿ ತೆಗೆದೆ.

ಯಾಕೆ ತೆಗೆದೆ ಎಂಬುದಕ್ಕೆ ನನ್ನ ಹತ್ತಿರ ಈಗ ನಾಲ್ಕೈದು ಒಳ್ಳೆಯ ಕಾರಣಗಳಿವೆ. ಅವೆಲ್ಲ ಆಮೇಲೆ ಹುಟ್ಟಿದವು. ಆಗ ಇದ್ದದ್ದು ಇಷ್ಟೇ: ಗಾಡಿಯಲ್ಲಿ ಕೆಟ್ಟದ್ದನ್ನು ಬಿಚ್ಚಿ ನೋಡಬಹುದಿತ್ತು. ಇಲ್ಲಿ ಕೆಟ್ಟಿದೆ ಎಂದು ಬೆರಳಿಡಬಹುದಿತ್ತು. ಸೀಮೆಎಣ್ಣೆಯಲ್ಲಿ ತೊಳೆದರೆ ಕಪ್ಪು ಹೋಗಿ ಲೋಹ ಕಾಣುತ್ತಿತ್ತು. ಹಾವೇರಿಯ ಕಚೇರಿಯಲ್ಲಿ ಇಡೀ ದಿನ ಟಪಾಲು ಬರೆದು ಬಂದವನು ಸಂಜೆ ಒಂದು ಚಕ್ರದ ತಂತಿಗಳನ್ನು ಒಂದೊಂದಾಗಿ ಮರಳು ಕಾಗದದಿಂದ ತಿಕ್ಕುತ್ತ ಕುಳಿತರೆ ಎರಡು ತಾಸು ಬೇರೇನೂ ನೆನಪಾಗುತ್ತಿರಲಿಲ್ಲ.

ಅವ್ವ ಹಿತ್ತಲ ಬಾಗಿಲಲ್ಲಿ ಹೊರಸಿನ ಮೇಲೆ ಮಲಗಿ ನೋಡುತ್ತಿದ್ದಳು. ಕರೆಂಟ್ ಕೊಟ್ಟ ಮೇಲೆ ಅವಳಿಗೆ ಯಾವ ವಾಸನೆಯೂ ಆಗಿಬರುತ್ತಿರಲಿಲ್ಲ, ಒಗ್ಗರಣೆ ಹಾಕಿದರೂ ವಾಂತಿ. ಸೀಮೆಎಣ್ಣೆಯ ಡಬ್ಬಿಯನ್ನು ನಾನು ದೂರ ಒಯ್ಯಲು ಹೋದರೆ ತಡೆದಳು.

"ಇರಲಿ ಬಿಡೋ. ದವಾಖಾನಿ ವಾಸನಿಗಿಂತ ಇದು ಚಲೋ ಐತಿ. ನಿಮ್ಮಪ್ಪನ ಅಂಗಿ ವಾಸನಿ."

ಪೆಟ್ರೋಲ್ ಟ್ಯಾಂಕಿನ ಒಳಗೆ ಜಂಗು ಹಿಡಿದಿತ್ತು. ಒಂದು ಸೇರು ಹರಳು ಕಲ್ಲು ಹಾಕಿ, ಆ ತುದಿ ತಂಗಿ, ಈ ತುದಿ ನಾನು ಹಿಡಿದು ಅಲ್ಲಾಡಿಸಿದೆವು. ಆ ಸದ್ದಿಗೆ ಓಣಿಯ ನಾಯಿಗಳು ಬೊಗಳತೊಡಗಿದವು.

"ಎಂಥಾ ಗಿಲಕಿ ಮಾಡೀರಿ ಇಬ್ರೂ," ಅವ್ವ ನಕ್ಕಳು. "ಆಡ್ಸಾಕ ಕೂಸಿಲ್ಲ ಮನ್ಯಾಗ, ಗಿಲಕಿ ಮೊದಲ ಬಂತು. ಮದಿವಿ ಮಾಡ್ಕೊ ಅಂದ್ರ ಟ್ಯಾಂಕ್ ತೊಳಿತಾನ."

"ನೀ ಸುಮ್ಮ ಮಲ್ಕೋಬೇ," ಎಂದಳು ತಂಗಿ.

"ಮಲಗೋದು ಇದ್ದ ಐತಿ. ಹೋತಾನೂ ಕುಂತು ಬಂತು ಇದರ ಮ್ಯಾಲೆ, ನಾ ಒಬ್ಬಾಕಿ ಉಳದೆ." ಆಮೇಲೆ ನನ್ನ ಕಡೆ ನೋಡದೆ, "ಚಾಲೂ ಆತಂದ್ರ ಬ್ಯಾಡಗಿ ತನಕ ಹೋಗಿ ಬರೂಣೇನೋ? ಈ ವರ್ಷದ ಮೆಣಸಿನಕಾಯಿ ನಾನೇ ಆರಿಸಿ ತರ್ತೀನಿ," ಎಂದಳು.

ಅವಳು ನನ್ನಿಂದ ಏನನ್ನಾದರೂ ಕೇಳಿದ್ದು ಅದೊಂದೇ. ವರ್ಷದ ಖಾರಕ್ಕೆ ಬೇಕಾದ ಕಾಯಿಯನ್ನು ಅವಳು ಪ್ರತಿವರ್ಷ ಬಸ್ಸಿನಲ್ಲಿ ಹೋಗಿ ತಾನೇ ಆರಿಸಿ ತರುತ್ತಿದ್ದಳು. ಈ ಸಲ ಗಾಡಿಯ ಮೇಲೆ ಹೋಗಬೇಕೆಂದಿದ್ದಳು. ಆಯ್ತಬೇ ಎಂದೆ.

ಇಂಜಿನ್ನು ನನ್ನ ಕೈಗೆ ಬಗ್ಗಲಿಲ್ಲ. ಪಿಸ್ಟನ್ನು ಸೀಜ್ ಆಗಿ ಒಳಗೇ ಹಿಡಿದುಕೊಂಡಿತ್ತು. ಗೋಣಿ ತಟ್ಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ಕಾಲ ಬುಡದಲ್ಲಿಟ್ಟುಕೊಂಡು ಬ್ಯಾಡಗಿಗೆ ಒಯ್ದೆ. ಅಪ್ಪನ ಕಾಲದಿಂದ ಈ ಗಾಡಿ ನೋಡುತ್ತಿದ್ದ ಮಿಸ್ತ್ರಿ ಅಲ್ಲಿದ್ದ. ನಾನು ಕಾಕಾ ಎನ್ನುತ್ತಿದ್ದೆ. ಮೆಣಸಿನಕಾಯಿ ಪ್ಯಾಟಿಗೆ ಅಂಟಿದಂತೆ ಅವನ ಶೆಡ್ಡು. ಸುಗ್ಗಿಯ ದಿನಗಳಲ್ಲಿ ಆ ಘಾಟಿಗೆ ಗಿರಾಕಿಗಳು ಸೀನುತ್ತಲೇ ಮಾತಾಡುವರು. ಕಾಕಾ ಮಾತ್ರ ಸೀನುತ್ತಿರಲಿಲ್ಲ. ಎಣ್ಣೆ ಹಾಕಿ ಎಂಟು ದಿನ ಇಟ್ಟ. ಆಮೇಲೆ ಮರದ ತುಂಡಿಟ್ಟು ಮೆಲ್ಲಗೆ ಬಡಿದು ಪಿಸ್ಟನ್ ಹೊರತೆಗೆದ. ಸಿಲಿಂಡರನ್ನು ಹುಬ್ಬಳ್ಳಿಗೆ ಕಳಿಸಿ ಬೋರ್ ಮಾಡಿಸಿ, ಅಂದರೆ ಸವೆದ ಒಳಗೋಡೆಯನ್ನು ಕೊರೆಸಿ ನುಣುಪು ಮಾಡಿಸಿ, ತಂದ. ಪ್ರತಿ ಭಾನುವಾರ ನಾನು ಅವನ ಎದುರು ಕುಳಿತು, ಅವನು ಕೇಳಿದ ಅಳತೆಯ ಪಾನಾ ಎತ್ತಿಕೊಡುತ್ತ ಇಂಜಿನ್ನು ಕಟ್ಟುವುದನ್ನು ಕಲಿತೆ. ಮನೆಯಲ್ಲಿ ಬೇನೆ ಇದೆ ಎಂದು ನಾನು ಅವನಿಗೆ ಹೇಳಿದ್ದೆನೇ? ಹೇಳಿದ್ದೆ ಎಂದೇ ಬಹಳ ದಿನ ನಂಬಿದ್ದೆ.

ಉಳಿದ ಗಾಡಿಯನ್ನು ಟೆಂಪೋದಲ್ಲಿ ತರಿಸಿ ಇಂಜಿನ್ನು ಕೂಡಿಸಿದೆವು. ಏಳನೆಯದೋ ಎಂಟನೆಯದೋ ಕಿಕ್ಕಿಗೆ ಅದು ಚಾಲೂ ಆಯಿತು. ಶೆಡ್ಡು ತುಂಬ ನೀಲಿ ಹೊಗೆ. ಕಾಕಾ ಕೈ ಒರೆಸಿಕೊಳ್ಳುತ್ತ ಹೇಳಿದ:

"ನೋಡು ತಮ್ಮಾ, ಹೊಸಾ ಬೋರು. ಸಾವಿರ ಕಿಲೋಮೀಟರ್ ತನಕ ನಲವತ್ತರ ಮ್ಯಾಲೆ ಹೋಗಬ್ಯಾಡ. ಡಬಲ್ ಸೀಟು ಕೂಡದು. ಪಿಸ್ಟನ್ನು ಬೋರು ಒಂದಕ್ಕೊಂದು ಹೊಂದ್ಕೋಬೇಕು, ಹೊಸದಾಗಿ ಮದಿವ್ಯಾದ ಗಂಡಾ ಹೆಂಡ್ತಿ ಇದ್ದಂಗ. ನಡುವ ಮೂರನೇದವ್ರು ಕುಂತ್ರ ಸಂಸಾರ ಸೀಜ್ ಆಗತೈತಿ. ನಿನಗ ಹೇಳಿ ಉಪಯೋಗಿಲ್ಲ, ನೀ ಇನ್ನೂ ಸಿಂಗಲ್ಲು."

ನಾನು ನಕ್ಕು ಹೂಂರಿ ಕಾಕಾ ಎಂದೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಸಾವಿರವೇ ಎಂದು ಕೇಳಿದಳು, ಆಮೇಲೆ, "ಇರಲಿ, ಖರ್ಚು ಮಾಡಿ ಕಟ್ಸೀದಿ, ಹಾಳ ಮಾಡಬ್ಯಾಡ," ಎಂದಳು. ಮೀಟರಿನ ಅಂಕಿಯನ್ನು ಸೀಸದಕಡ್ಡಿಯಿಂದ ಬಾಗಿಲ ಪಕ್ಕದ ಗೋಡೆಯಲ್ಲಿ ಬರೆದುಕೊಂಡೆ. ಅಂದಿನಿಂದ ನಾನು ಬಸ್ಸು ಬಿಟ್ಟು ಹಾವೇರಿಗೆ ಗಾಡಿಯ ಮೇಲೆ ಹೋಗತೊಡಗಿದೆ. ಹೋಗಿಬರಲು ದಿನಕ್ಕೆ ಅರವತ್ತು ಚಿಲ್ಲರೆ ಕಿಲೋಮೀಟರ್. ಸಂಜೆ ಗಾಡಿಯ ಸದ್ದು ಕೇಳಿದ ಕೂಡಲೇ ಒಳಗಿನಿಂದ ಅವ್ವ, "ಎಷ್ಟಾತು?" ಎನ್ನುವಳು. ನೂರಾ ಇಪ್ಪತ್ತು. ಮುನ್ನೂರು. ಐದುನೂರಾ ಎಂಬತ್ತು.

ಆರುನೂರು ದಾಟಿದ ಮೇಲೆ ಮೀಟರಿನ ಕೇಬಲ್ಲು ಕಡಿಯಿತು. ನಾನು ಗಮನಿಸಿದ್ದು ಎರಡೋ ಮೂರೋ ದಿನ ಬಿಟ್ಟು. ಹೊಸ ಕೇಬಲ್ ಸಿಗಲು ಮತ್ತೆ ಎಂಟು ದಿನ. ಅಷ್ಟರಲ್ಲಿ ಎಷ್ಟು ಓಡಿತ್ತು ಎಂದು ಲೆಕ್ಕ ಹಾಕುವುದು ಕಷ್ಟವಿರಲಿಲ್ಲ. ದಾರಿ ಗೊತ್ತು, ದಿನ ಗೊತ್ತು. ಸಾವಿರ ಮುಗಿದೇ ಹೋಗಿತ್ತು. ಆದರೆ ನಾನು ಖಾತ್ರಿ ಇಲ್ಲ ಎಂದುಕೊಂಡೆ. ಗೋಡೆಯ ಅಂಕಿಯನ್ನು ಉಗುರಿನಿಂದ ಕೆರೆದು, ಹೊಸ ಅಂಕಿ ಬರೆದು, ಮೊದಲಿನಿಂದ ಎಣಿಸಲು ಶುರುಮಾಡಿದೆ.

ಆ ಸಂಜೆ ಅವ್ವ, "ಎಷ್ಟಾತು?" ಎಂದಳು.

"ಅರವತ್ತು."

"ಮೊನ್ನೆ ಆರ್ನೂರು ಅಂದಿದ್ದಿ?" ಕೇಬಲ್ಲಿನ ಕಥೆ ಹೇಳಿದೆ. ಅವಳು ಕೇಳಿಸಿಕೊಂಡು, "ನಿಮ್ಮಪ್ಪನ ಗಾಡಿ ನನ್ನ ಕಂಡ್ರ ಹಿಂದಕ್ಕ ಓಡತೈತಿ," ಎಂದು ನಕ್ಕಳು. ನಾನೂ ನಕ್ಕೆ. ತಂಗಿ ನಗಲಿಲ್ಲ.

ಇಲ್ಲಿ ನಿಲ್ಲಬೇಕು. ನಾನು ಜಾಗರೂಕ ಮನುಷ್ಯ, ಯಂತ್ರದ ಮಾತನ್ನು ಗೌರವಿಸಿದೆ ಎಂದು ಬರೆಯಬಹುದು. ಸುಳ್ಳಲ್ಲ. ಆದರೆ ಅದೇ ಜಾಗರೂಕ ಮನುಷ್ಯ ಸಂಜೆ ಮೋಟೆಬೆನ್ನೂರಿನ ಹತ್ತಿರ ಬಂದಾಗ, ನೇರ ಹೋದರೆ ಅರ್ಧ ತಾಸಿನಲ್ಲಿ ಮನೆ ಎಂದು ಗೊತ್ತಿದ್ದೂ, ಬ್ಯಾಡಗಿಯ ಕಡೆ ಹೊರಳುತ್ತಿದ್ದ. ಕಿಲೋಮೀಟರ್ ಮಾಡಬೇಕಲ್ಲ. ಒಂದು ಭಾನುವಾರ ಗಳಗನಾಥದ ತನಕ ಹೋದೆ. ವರದಾ ತುಂಗಭದ್ರೆಗೆ ಸೇರುವಲ್ಲಿ ಬಂಡೆಯ ಮೇಲೆ ಕುಳಿತೆ. ಎರಡೂ ನೀರು ಒಂದೇ ಬಣ್ಣಕ್ಕಿದ್ದವು. ದೇವಸ್ಥಾನದೊಳಗೆ ಹೋಗಲಿಲ್ಲ, ಏನನ್ನೂ ಬೇಡಿಕೊಳ್ಳಲಿಲ್ಲ. ಮನೆಯಲ್ಲಿ ಅವತ್ತು ತಂಗಿ ಒಬ್ಬಳೇ ಅವ್ವನ ಹಾಸಿಗೆ ಮೂರು ಸಲ ಬದಲಿಸಿದ್ದಳು. ಗಾಡಿಯ ಮೇಲಿದ್ದಾಗ ನನ್ನ ಕಿವಿಯಲ್ಲಿ ಇಂಜಿನ್ನಿನ ಸದ್ದು ಬಿಟ್ಟರೆ ಬೇರೆ ಇರುತ್ತಿರಲಿಲ್ಲ. ಮನೆಯಲ್ಲಿ ಅವ್ವ ನರಳುವುದು ಕೇಳುತ್ತಿತ್ತು. ಇದಕ್ಕಿಂತ ಚಂದದ ಕಾರಣ ನನಗೆ ಸಿಕ್ಕಿಲ್ಲ.

ಸುಗ್ಗಿ ಮುಗಿಯುತ್ತ ಬಂದಿತ್ತು. ಒಂದು ಸಂಜೆ ನಾನೇ ಬ್ಯಾಡಗಿಯಿಂದ ಐದು ಕಿಲೋ ಮೆಣಸಿನಕಾಯಿ ತಂದೆ. ಅವ್ವನ ಪಕ್ಕದಲ್ಲಿ ಮೊರ ಇಟ್ಟು ಸುರಿದೆ. ಅವಳು ಒಂದನ್ನು ಎತ್ತಿ ತೊಟ್ಟು ಮುರಿದು ನೋಡಿದಳು. ಇನ್ನೊಂದನ್ನು ಹಿಡಿದು ಅಲ್ಲಾಡಿಸಿ ಬೀಜದ ಸದ್ದು ಕೇಳಿದಳು.

"ಹ್ವಾದ ವರ್ಷದ ಮಾಲು ಬೆರಸ್ಯಾರ ಇದರಾಗ. ನಿನಗ ತಿಳೀದಿಲ್ಲ."

"ವಾಪಸ್ ಕೊಟ್ಟು ಬರ್ಲೇನಬೇ?"

"ಬ್ಯಾಡ. ಅದಕ್ಕ ನಾ ಬರ್ತೀನಿ ಅಂದಿದ್ದೆ." ಬೈಗುಳದ ದನಿಯಲ್ಲ. ಸಂತೆಯ ಸುದ್ದಿ ಹೇಳಿದಂತೆ ಹೇಳಿ, ಮೊರವನ್ನು ತಂಗಿಯ ಕಡೆ ಸರಿಸಿದಳು.

ಎರಡನೆಯ ಸಲದ ಸಾವಿರ ತುಂಬಿದ ದಿನ ಶನಿವಾರ. ಕಚೇರಿ ಅರ್ಧ ದಿನ. ನಾನು ಮಧ್ಯಾಹ್ನವೇ ಬಂದೆ. ಒಳಗಿನಿಂದ ಯಾರೂ ಏನೂ ಕೇಳಲಿಲ್ಲ. ಹತ್ತಿರ ಹೋಗಿ, "ಆತಬೇ, ನಾಳೆ ಹೋಗೂಣು," ಎಂದೆ. ಅವ್ವ ಕಣ್ಣು ತೆರೆದು ನನ್ನನ್ನು ನೋಡಿದಳು.

"ಕುಂದ್ರಾಕ ಆಗಂಗಿಲ್ಲೋ ಯಪ್ಪಾ. ಈ ಮಗ್ಗಲಾ ಹೊಳ್ಳಿಸಿ ಮಲಗ್ಸು."

ಹೊರಳಿಸಿ ಮಲಗಿಸಿದೆ. ಅವಳು ಎಷ್ಟು ಹಗುರಾಗಿದ್ದಾಳೆಂದು ನನಗೆ ಗೊತ್ತಾದದ್ದು ಆಗ. ಯುಗಾದಿಗೆ ಮೊದಲೇ ತೀರಿಕೊಂಡಳು.

ಮಣ್ಣಾಗಿ ಮೂರನೆಯ ದಿನಕ್ಕೆ ಕಾಕಾ ಮಾತಾಡಿಸಲು ಬಂದ. ನಮ್ಮಲ್ಲಿ ಸಾವಿನ ಮನೆಗೆ ಹೋಗುವುದನ್ನು ಹಾಗೆನ್ನುತ್ತಾರೆ; ಬಂದವರು ಹೆಚ್ಚಾಗಿ ಮಾತಾಡುವುದಿಲ್ಲ. ಅವನೂ ಜಮಖಾನೆಯ ಅಂಚಿಗೆ ಸುಮ್ಮನೆ ಕುಳಿತಿದ್ದ. ಚಹಾ ಕೊಟ್ಟ ತಂಗಿ, ಅವ್ವನಿಗೆ ಗಾಡಿಯ ಮೇಲೆ ಬ್ಯಾಡಗಿಗೆ ಬರುವ ಆಸೆ ಇತ್ತು, ಸಾವಿರ ತುಂಬಲಿ ಎಂದು ಕಾದಿದ್ದಳು ಎಂದು ಹೇಳಿಬಿಟ್ಟಳು. ಅವಳಿಗೆ ಯಾರ ಮೇಲೂ ದೂರಿರಲಿಲ್ಲ, ಅಥವಾ ಇತ್ತು. ಕಾಕಾ ಬಸಿಯನ್ನು ನೆಲಕ್ಕಿಟ್ಟ.

"ವೈನಿ ಸಲುವಾಗಿ ಅಂತ ನನಗ್ಯಾಕ ಹೇಳಲಿಲ್ಲ ನೀ?"

"ನೀವ ಅಂದಿದ್ರೆಲ್ಲರಿ, ಡಬಲ್ ಸೀಟು ಕೂಡದು ಅಂತ."

"ಅಂದಿದ್ದೆ. ನೂರು ಮಂದಿಗೆ ಅಂತೀನಿ. ಹುಡುಗ್ರು ಎರಡೆರಡು ಮಂದಿ ಕುಂದ್ರಿಸ್ಕೊಂಡು ದೌಡ್ ಬಿಡತಾರ ಅಂತ ಅಂತೀನಿ." ಅವನ ದನಿ ಏರಿತು, ಮತ್ತೆ ಇಳಿಯಿತು. "ಅಂಥಾ ಬ್ಯಾನ್ಯಾಗ ಮೂವತ್ತು ಕಿಲೋ ಇದ್ದಿರಲಿಕ್ಕಿಲ್ಲ ಆ ತಾಯಿ. ಮೆಲ್ಲಕ ಕರಕೊಂಡು ಬಂದಿದ್ರ ಇಂಜಿನ್ ಏನ ಸಾಯತಿತ್ತೇನೋ? ಸತ್ತರ ಇನ್ನೊಮ್ಮೆ ಕಟ್ಟತಿದ್ವಿ."

ನಿಯಮ ಕಾಕಾನದೇ. ಆದರೆ ಅದು ನನಗೆ ಎಷ್ಟು ಬೇಕಾಗಿತ್ತು, ಅವನು ಅದನ್ನು ಹೇಳಿದ ಕ್ಷಣದಲ್ಲಿ ನನ್ನ ಎದೆ ಎಷ್ಟು ಹಗುರಾಗಿತ್ತು ಎಂಬುದನ್ನು ಅವತ್ತು ಸಾವಿನ ಮನೆಯಲ್ಲಿ ಹೇಳುವ ಬಾಯಿ ನನಗಿರಲಿಲ್ಲ.

ಗಾಡಿಯನ್ನು ತೊಂಬತ್ತರ ದಶಕದಲ್ಲಿ ಹೊಸರಿತ್ತಿಯ ರೈತರೊಬ್ಬರಿಗೆ ಕೊಟ್ಟೆ. ಕೊಡುವ ಹಿಂದಿನ ದಿನ, ಮದುವೆಯಾಗಿ ಹಾವೇರಿಯಲ್ಲಿದ್ದ ತಂಗಿ ಬಂದಿದ್ದಳು. ಆಗ ಹೇಳಿದಳು. ಮೊದಲ ಆರುನೂರು ಓಡುತ್ತಿದ್ದ ದಿನಗಳಲ್ಲಿ ಒಂದು ಮುಂಜಾನೆ ಅವ್ವ ಇವಳ ಹೆಗಲು ಹಿಡಿದು ಅಂಗಳಕ್ಕೆ ಬಂದಳಂತೆ. ಸ್ಟ್ಯಾಂಡ್ ಹಾಕಿದ ಗಾಡಿಯ ಹಿಂದಿನ ಸೀಟಿಗೆ, ಒಂದು ಬಕೆಟ್ ಡಬ್ಬು ಹಾಕಿ ಅದರ ಮೇಲೆ ಕಾಲಿಟ್ಟು ಹತ್ತಿ, ಒಂದೇ ಕಡೆ ಕಾಲು ಬಿಟ್ಟು ಕುಳಿತಳಂತೆ. ಸೆರಗು ಸರಿಮಾಡಿಕೊಂಡಳಂತೆ.

"ಹೆಂಗೈತಬೇ ಅಂದೆ. 'ಭಾಳ ಎತ್ತರ ಐತೆವಾ, ಓಣಿ ಎಲ್ಲಾ ಕಾಣಸತೈತಿ' ಅಂದ್ಲು."

"ಖರೇ ಹೇಳು," ಎಂದೆ. "ನನ್ನ ಸಮಾಧಾನಕ್ಕ ಹೇಳಾಕತ್ತೀಯೇನು?"

ಅವಳು ಬಹಳ ಹೊತ್ತು ಯೋಚಿಸಿದಳು. ಸುಳ್ಳು ಹೇಳುವವರು ಅಷ್ಟು ಯೋಚಿಸುವುದಿಲ್ಲ ಎಂದುಕೊಂಡೆ. ಯೋಚಿಸುತ್ತಾರೆ ಎಂದೂ ಅನ್ನಿಸಿತು.

"ಯಣ್ಣಾ, ಮನಸಿನ್ಯಾಗ ಇದನ್ನ ಎಷ್ಟು ಸಲ ಹೇಳ್ಕೊಂಡೇನಿ ಅಂದ್ರ, ಕಂಡಿದ್ದೋ ಅಂದ್ಕೊಂಡಿದ್ದೋ ನನಗ ಈಗ ಗೊತ್ತಾಗವಲ್ದು. ಆದ್ರ ಆಕಿ ಸೆರಗು ಹೊಚ್ಕೊಂಡಿದ್ದು ಕಣ್ಣಾಗ ಐತಿ."

ನಾನೆಲ್ಲಿದ್ದೆ ಎಂದು ಕೇಳಿದೆ.

"ಜಳಕದ ಮನ್ಯಾಗ ಇದ್ದಿ. ನೀ ಹೊರಗ ಬರೂದ್ರಾಗ ಇಳಿಸು ಅಂದ್ಲು. ಇಳಿಸಿದೆ."

ತಂಗಿ ಅದನ್ನು ಕಂಡಿದ್ದಳೆಂದೇ ನಾನು ನಂಬುತ್ತೇನೆ. ನಂಬಿದರೂ ಹೆಚ್ಚೇನೂ ಬದಲಾಗುವುದಿಲ್ಲ. ಸ್ಟ್ಯಾಂಡಿನ ಮೇಲೆ ನಿಂತ ಗಾಡಿಯಲ್ಲಿ ಅವ್ವ ಓಣಿ ನೋಡುತ್ತ ಕುಳಿತಿದ್ದಾಳೆ, ಅವಳ ಮುಂದಿನ ಸೀಟಿನಲ್ಲಿ ನಾನಿಲ್ಲ.