ಅಳೆದು ಕೊಟ್ಟ ಎಳನೀರು

ಅಪ್ಪಯ್ಯನ ಕಾಲು ಊದಿದ್ದನ್ನು ಮೊದಲು ಕಂಡವಳು ನಾನು. ಮೀನು ಹಿಡಿಯುವ ಬೋಟಿನಿಂದ ಬಂದು, ಕೋಡಿ ಊರಿನ ನಮ್ಮ ಮನೆಯ ಜಗಲಿಯಲ್ಲಿ ಕೂತಿದ್ದರು. ಬೆರಳಿನಿಂದ ಒತ್ತಿದೆ. ಕುಳಿ ಬಿತ್ತು, ಮೇಲೆ ಬರಲಿಲ್ಲ.

ಎರಡೂ ಕಿಡ್ನಿ ಹೋಗಿದ್ದವು.

ಡಯಾಲಿಸಿಸ್ ಶುರುವಾಯಿತು. ನಾನು ಬಯೋಮೆಡಿಕಲ್ ಎಂಜಿನಿಯರಿಂಗ್ ಮೂರನೇ ವರ್ಷ. ರಕ್ತದಲ್ಲಿನ ಕಲ್ಮಷ ತೆಳು ಪೊರೆ ದಾಟಿ, ಹೆಚ್ಚಿದ್ದ ಕಡೆಯಿಂದ ಕಡಿಮೆಯಿದ್ದ ಕಡೆಗೆ ಎಷ್ಟು ಬೇಗ ಹೋಗುತ್ತದೆ ಎಂಬ ಲೆಕ್ಕವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬಿಡಿಸಿದವಳು. ಹಾಗಾಗಿ ಅಪ್ಪಯ್ಯನ ನೀರಿನ ಉಸ್ತುವಾರಿ ನನಗೇ ಬಂತು. ಹೆಚ್ಚಾದ ನೀರು ಮೈಯಲ್ಲೇ ಉಳಿಯುವುದರಿಂದ, ಡಾಕ್ಟರ್ ಹೇಳಿದಷ್ಟನ್ನೇ, ಗೆರೆ ಹಾಕಿದ ಲೋಟದಲ್ಲಿ ಅಳೆದು ಕೊಡುತ್ತಿದ್ದೆ. ಸ್ವಲ್ಪ ಜಂಬವೂ ಇತ್ತು.

ಒಂದು ಭಾನುವಾರ ಬಾರ್ಕೂರಿನ ಅತ್ತೆ, ಅಪ್ಪಯ್ಯನ ತಂಗಿ, ನೋಡಲು ಬಂದರು. ನಮ್ಮ ಕಡೆ ರೋಗಿಯನ್ನು ನೋಡಲು ಬರಿಗೈಯಲ್ಲಿ ಯಾರೂ ಬರುವುದಿಲ್ಲ. ನಾಲ್ಕು ಎಳನೀರು, ನಮ್ಮ ಮಾತಿನಲ್ಲಿ ಬೊಂಡ, ತಂದಿದ್ದರು.

"ಅಣ್ಣಂಗೆ ಬೊಂಡ ಕೊಡ್ ಮಗಾ, ಮೈ ತಂಪಾತ್ತ್."

ಆ ದಿನದ ನೀರು ನಿಲ್ಲಿಸಿ, ಅಷ್ಟೇ ಎಳನೀರು ಅಳೆದು ಕೊಟ್ಟೆ. ಒಂದು ಹನಿ ಹೆಚ್ಚಿರಲಿಲ್ಲ.

ಅದರೊಳಗಿನ ಪೊಟ್ಯಾಶಿಯಂ, ಕಿಡ್ನಿ ಹೊರಹಾಕದಿದ್ದರೆ ಗುಂಡಿಗೆಯನ್ನೇ ನಿಲ್ಲಿಸಬಲ್ಲದ್ದು, ನನ್ನ ನೆನಪಿಗೇ ಬರಲಿಲ್ಲ.

ಬೆಳಿಗ್ಗೆ ಅಪ್ಪಯ್ಯನಿಗೆ ಏಳಲಾಗಲಿಲ್ಲ. ಕಾಲಿಗೆ ಬಲವೇ ಇಲ್ಲ. ಆಸ್ಪತ್ರೆಗೆ ಹೋಗುವ ರಿಕ್ಷಾದಲ್ಲಿ ನಾಡಿ ಹಿಡಿದು ಕೂತೆ. ಒಂದು ಬಡಿತ. ಮತ್ತೊಂದು ಬರುವವರೆಗೆ ನನಗೆ ಉಸಿರಾಡಲಾಗುತ್ತಿರಲಿಲ್ಲ.

ಇಸಿಜಿ ನೋಡಿದ ಡಾಕ್ಟರ್ ಕೇಳಿದರು, "ನಿನ್ನೆ ಕುಡಿಯಲು ಏನು ಕೊಟ್ಟಿರಿ?"

ಅಪ್ಪಯ್ಯ ಕಣ್ಣು ಬಿಟ್ಟರು. "ನಾನೇ ಕದ್ದ್ ಬೊಂಡ ಕುಡ್ದದ್ದ್. ಅವಳಿಗೆ ಗೊತ್ತಿಲ್ಲ."

"ಸುಳ್ಳು ಡಾಕ್ಟ್ರೇ. ನಾನೇ ಕೊಟ್ಟದ್ದು" ಎಂದು ಅಳುತ್ತಾ ಹೇಳಿದೆ.

ಇಂಜೆಕ್ಷನ್ ಕೊಟ್ಟು, ತಕ್ಷಣ ಡಯಾಲಿಸಿಸ್‌ಗೆ ಹಾಕಿದರು. ನಾಲ್ಕು ಗಂಟೆ ಮಾನಿಟರ್ ನೋಡುತ್ತಾ ನಿಂತೆ. ಪುಸ್ತಕದಲ್ಲಿ ಆ ಪೊರೆ ಬರೀ ಒಂದು ಗೆರೆ. ಇಲ್ಲಿ ಪೊಟ್ಯಾಶಿಯಂ ಅದನ್ನು ಬೇಗ ದಾಟದಿದ್ದರೆ ನನಗೆ ಅಪ್ಪಯ್ಯನಿಲ್ಲ. ಅಷ್ಟು ಹೆದರಿದ್ದು ಅದೇ ಮೊದಲು.

ಉಳಿದರು.

ಆಮೇಲೆ ನಾನು ಲೋಟ ಮುಟ್ಟಲಿಲ್ಲ, ಅಮ್ಮ ಕೊಡುತ್ತಿದ್ದರು. ಎಂಟನೇ ದಿನ ಅಮ್ಮ ತಂದ ನೀರನ್ನು ಅಪ್ಪಯ್ಯ ತೆಗೆದುಕೊಳ್ಳಲಿಲ್ಲ.

"ಅವಳೇ ಕೊಡ್ಲಿ. ಈಗ ಅವಳಿಗೆ ಹೆದ್ರಿಕಿ ಇತ್ತಲ್ದಾ."

ಹೆದರಿಕೆ ಇದೆ, ಈಗಲೂ. ಅದು ಪೂರ್ತಿ ಹೋಗುವುದು ನನಗೂ ಬೇಡ. ಅಂದು ನೀರು ಕೊಡುವಾಗ ಅರ್ಧ ಚೆಲ್ಲಿತು. ಉಳಿದದ್ದನ್ನು ಅಪ್ಪಯ್ಯ, ಒಳಗೇನಿದೆ ಎಂದು ನೋಡದೆ, ಕುಡಿದರು.