ನನ್ನ ಕೈಗೆ ಕೊಟ್ಟ ಮಾಲೆ

ಗಾಜಿಪುರದ ನಮ್ಮ ಮನೆಗೆ ಸುಣ್ಣ ಹೊಡೆಸಲೆಂದು ಹದಿನೈದು ದಿನದ ಹಿಂದೆ ಟ್ರಂಕು ಸರಿಸಿದೆ. ತಳದಲ್ಲಿ ಆಸ್ಪತ್ರೆಯ ಹಸಿರು ಟೊಪ್ಪಿಗೆಯಲ್ಲಿ ಸುತ್ತಿಟ್ಟ ತುಳಸಿ ಮಾಲೆ ಸಿಕ್ಕಿತು. ಮೂಸಿ ನೋಡಿದೆ. ಬೆವರು, ತೊಗರಿ ಧೂಳು, ಎಲ್ಲೋ ಒಂದಿಷ್ಟು ಸ್ಪಿರಿಟ್ಟು... ಅಂದಿನಿಂದ ಒಂದು ಕಡೆ ಕೂರಲು ಆಗುತ್ತಿಲ್ಲ.

ಅದು ನಮ್ಮ ಮುಕಾದಮರದು, ನಾನು ಕಾಕಾ ಎನ್ನುತ್ತಿದ್ದೆ. ನೆಹರು ಗಂಜಿನ ಕಾಳಿನ ಪೇಟೆಯ ಹಮಾಲರಿಗೆಲ್ಲ ಹಿರಿಯರು, ಕಮಲಾಪುರದವರು. ಐದನೆಯ ಇಯತ್ತೆಗೇ ಸಾಲೆ ಬಿಟ್ಟು ಬಂದ ನನಗೆ ಚೀಲ ಬೆನ್ನಿಗೆ ಕೂರಿಸುವುದನ್ನು ಕಲಿಸಿದರು. ನಾನು ಒಟ್ಟಿದ ಚೀಲದ ಥಪ್ಪಿ ಇವತ್ತಿಗೂ ಒಂದೂ ಜಾರಿಲ್ಲ, ಗಂಜಿನಲ್ಲಿ ಯಾರನ್ನು ಬೇಕಾದರೂ ಕೇಳಿ.

ಪಂಢರಪುರದಲ್ಲಿ ಮಾಲೆ ಹಾಕಿಸಿಕೊಂಡಿದ್ದರು. ಅಂಥ ಮಾಳಕರಿಗಳು ಹೆಂಡ, ಸೆರೆ ಮುಟ್ಟುವಂತಿಲ್ಲ. ಜಗಳ ಬಂದರೆ "ಮಾಳಕರಿ ಹೇಳಿದ್ದೇ ಖರೆ" ಎಂದು ಗಂಜೇ ಸುಮ್ಮನಾಗುತ್ತಿತ್ತು. ಆದರೆ ದಿನಾ ಸಂಜೆ ಗೋದಾಮಿನ ಹಿಂದೆ ಮಾಲೆ ತೆಗೆದು ನನ್ನ ಕೈಗೆ ಕೊಡುವರು. ಗೋಡೆಗೆ ಮುಖ ಮಾಡಿ, ನಾನು ತಂದ ಬಾಟ್ಲಿ ಮುಗಿಸುವರು. "ಹೆಗಲು ನೋಯ್ತದಲೇ" ಎನ್ನುವರು, ಅಷ್ಟೇ.

ಮುಂದೆ ಅವರ ಹೃದಯ ಕೆಟ್ಟು, ಎದೆ ಕೊಯ್ದು ಆಪರೇಶನ್ ಮಾಡುವುದೆಂದು ಆಯಿತು. ನರ್ಸಮ್ಮ ಮಾಲೆ ತೆಗೆಸಿದಾಗ ಹೆಂಡತಿಗೆ, ನಮ್ಮ ಕಾಕುಗೆ, ಕೊಡಲಿಲ್ಲ, ನನಗೇ ಕೊಟ್ಟರು. ಮಂಪರು ಕೊಡುವ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು.

"ಇವ್ರು ಕುಡೀತಾರೇನ್ರಿ? ಮನಿ ಮಂದಿಗಿ ನಾ ಹೇಳಂಗಿಲ್ಲ. ನಿದ್ದಿ ಎಷ್ಟು ಆಳ ಅದ ಅಂತ ಹಣಿ ಮ್ಯಾಲ ಹಚ್ಚೋ ಪಟ್ಟಿ ಹೇಳ್ತದ. ಕುಡಿಯೋದನ್ನ ಅದು ಹೇಳಂಗಿಲ್ಲ, ನೀವೇ ಹೇಳ್ಬೇಕು."

"ಮಾಳಕರಿ ಇದ್ದಾರ್ರಿ ಮೇಡಂ," ಎಂದು ಸೆಟೆದು ನಿಂತು ಮಾಲೆ ತೋರಿಸಿದೆ.

ಆಪರೇಶನ್ ಚೆನ್ನಾಗೇ ಆಯಿತು. ಮೂರನೆಯ ದಿನ ಕಾಕಾ ಬೇರೆಯೇ ಆಗಿದ್ದರು. ಮೈಯೆಲ್ಲ ನಡುಕ. "ಥಪ್ಪಿ ಜಾರಾಕತ್ತದ! ಕೆಳಗ ಮಂದಿ ಅದಾರಲೇ, ಹೆಗಲು ಕೊಡ್ರಿ!" ಎಂದು ಮಂಚದಿಂದ ಏಳುವರು, ಮೈಗೆ ಹಾಕಿದ ನಳಿಕೆ ಕೀಳುವರು. ಎದೆಯ ಎಲುಬನ್ನು ತಂತಿಯಲ್ಲಿ ಬಿಗಿದಿದ್ದರು, ಇನ್ನೂ ಕೂಡಿರಲಿಲ್ಲ. ಇಬ್ಬರು ಅದುಮಿ ಹಿಡಿದರೂ ನಿಲ್ಲಲಿಲ್ಲ.

"ಹಿಂಗ ಭ್ರಮಿ ಆಗ್ಲಿಕ್ಕಿ ಹತ್ತು ಕಾರಣ ಇರ್ತಾವ," ಎಂದರು ಡಾಕ್ಟರಮ್ಮ. "ಯಾವುದು ಅಂತ ತಿಳೀವಲ್ದು."

ಅಷ್ಟರಲ್ಲಿ ಕಾಕಾ ಕೊರಳು ತಡವಿಕೊಂಡರು. ಬರಿ ಮುಷ್ಟಿ ನನ್ನತ್ತ ಚಾಚಿದರು. "ಹಿಡ್ಕೋಲೇ... ತಡಾ ಆತು."

ಕಾಕು ಪಕ್ಕದಲ್ಲೇ ನಿಂತಿದ್ದಳು. ಅಳಿಯನೂ ಇದ್ದ.

"ಕುಡೀತಾರ್ರಿ ಮೇಡಂ. ದಿನಾ. ನಾನೇ ತಂದು ಕೊಡ್ತಿದ್ದೆ."

"ಏನಂದಿ?" ಎಂದಳು ಕಾಕು, ಸೆರಗು ಬಾಯಿಗೆ ಹಿಡಿದಳು. ಡಾಕ್ಟರಮ್ಮ ಬೈಯಲಿಲ್ಲ, ಕುಡಿತ ಒಮ್ಮೆಲೇ ನಿಂತದ್ದಕ್ಕೇ ಈ ಭ್ರಮೆ ಎಂದು ಔಷಧ ಬದಲಿಸಿದರು. ನಾಲ್ಕು ದಿನಕ್ಕೆ ಕಾಕಾ ನನ್ನ ಹೆಸರು ಹಿಡಿದು ಕರೆದರು.

ತಿಂಗಳಾದ ಮೇಲೆ ಮಾಲೆ ಕೊಡಲು ಕಮಲಾಪುರಕ್ಕೆ ಹೋದೆ. ಒಲೆಯ ಮುಂದೆ ಕೂತ ಕಾಕುವಿನ ಬೆನ್ನನ್ನೇ ಕಾಕಾ ನೋಡುತ್ತಿದ್ದರು. ಅವಳು ತಟ್ಟೆಯಲ್ಲಿ ಎರಡು ಕೆಂಪು ಬಾಳೆಹಣ್ಣು ಇಟ್ಟು ಹೋದಳು.

"ಜೀವ ಉಳಿಸ್ದಿ ತಮ್ಮಾ," ಎಂದರು ಕಾಕಾ ಮೆಲ್ಲಗೆ. "ಅದನ್ನ ನೀನೇ ಇಟ್ಕೋ."

ಅವರು ಮತ್ತೆ ಗಂಜಿಗೆ ಬರಲಿಲ್ಲ. ಕೆಲವು ವರ್ಷ ಬದುಕಿದರು. ನಾನು ಅವರ ಮಣ್ಣಿಗೆ ಹೋದಾಗ ಮಾಲೆ ನನ್ನ ಜೇಬಿನಲ್ಲೇ ಇತ್ತು. ಅವರ ಕೊರಳು ಬರಿದಾಗಿತ್ತು. ಜೇಬಿನಿಂದ ತೆಗೆದು ಅದಕ್ಕೆ ತೊಡಿಸಲು ಕೈ ಏಳಲಿಲ್ಲ...

ಸುಣ್ಣ ಒಣಗಿ ವಾರವಾಯಿತು. ಟ್ರಂಕು ಇನ್ನೂ ನಡುಮನೆಯಲ್ಲೇ ಇದೆ, ದಾಟಿ ದಾಟಿ ಓಡಾಡುತ್ತೇನೆ. ಡಾಕ್ಟರಮ್ಮ ಮೊದಲ ಸಲ ಕೇಳಿದಾಗಲೇ ಹೇಳಬಹುದಿತ್ತು, ಅಲ್ಲಿ ನಾವಿಬ್ಬರೇ ಇದ್ದೆವು.